ಆರನೇ ಮನೆಗೆ ಏಳನೇ ಮನೆಯ ಕರೆಂಟು

ವರ್ತೂರಿನ ಲಕ್ಷ್ಮಮ್ಮನವರ ಬಾಡಿಗೆ ಕಟ್ಟಡದಲ್ಲಿ ಹನ್ನೆರಡು ವರ್ಷದಿಂದ ಎಲೆಕ್ಟ್ರಿಷಿಯನ್ ಅಂದರೆ ಪಂಚಾಕ್ಷರಿ. ಕೊಪ್ಪಳದ ಕಡೆಯಿಂದ ಸೆಂಟ್ರಿಂಗ್ ಕೆಲಸಕ್ಕೆ ಬಂದವನು, ವೈರ್ ಎಳೆಯುವವರ ಪಕ್ಕ ನಿಂತು ನೋಡಿ ನೋಡಿಯೇ ವಿದ್ಯೆ ಕಲಿತ. ಅವನ ಹೆಸರು ಹಬ್ಬಿದ್ದು ಒಂದೇ ಕಾರಣಕ್ಕೆ: ಅವನು ಮೈನ್ ಸ್ವಿಚ್ ಆಫ್ ಮಾಡುತ್ತಿರಲಿಲ್ಲ. ಅಲ್ಲಿನ ಬಾಡಿಗೆದಾರರಲ್ಲಿ ಅರ್ಧ ಜನ ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರು, ಇನ್ನರ್ಧ ಲ್ಯಾಪ್‌ಟಾಪ್ ಮುಂದೆ ಕೂರುವವರು. ಫ್ಯಾನ್ ನಿಂತರೆ ಇಬ್ಬರಿಗೂ ಸಿಟ್ಟು. ಪಂಚಾಕ್ಷರಿ ರಬ್ಬರ್ ಚಪ್ಪಲಿ ಮೆಟ್ಟಿ, ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡು, ಹರಿಯುವ ಕರೆಂಟಿನಲ್ಲೇ ಕೆಲಸ ಮುಗಿಸುತ್ತಿದ್ದ. "ಪಂಚಣ್ಣ ಬಂದು ಹೋಗಿದ್ದೇ ಗೊತ್ತಾಗಲ್ಲ ಕಣ್ರೀ" ಅಂತ ಯಾರಾದರೂ ಅಂದ ದಿನ ಅವನಿಗೆ ಎರಡು ರೊಟ್ಟಿ ಹೆಚ್ಚು ಸೇರುತ್ತಿತ್ತು. ಎಡಗೈಯ ಹೆಬ್ಬೆರಳು ಸುಟ್ಟು ಮರಗಟ್ಟಿದ್ದನ್ನು ಮಾತ್ರ ಯಾರಿಗೂ ತೋರಿಸುತ್ತಿರಲಿಲ್ಲ.

ಯುಗಾದಿ ಕಳೆದ ಮೇಲೆ ಪಕ್ಕದ ರಸ್ತೆಗೆ ಲೋಕೇಶ್ ಬಂದ. ಐಟಿಐ ಓದಿ ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಆರು ವರ್ಷ ದುಡಿದವನು. ದಪ್ಪ ಅಡಿಯ ಶೂ, ಕೈಗವಸು, ಚೀಲದಲ್ಲಿ ಎರಡು ಕೆಂಪು ಬೀಗ. ಮೊದಲು ಮೈನ್ ಆಫ್ ಮಾಡುತ್ತಾನೆ, ಅದಕ್ಕೆ ಬೀಗ ಜಡಿದು ಕೀಲಿಯನ್ನು ಜೇಬಿಗಿಳಿಸುತ್ತಾನೆ, "ಕೆಲಸ ನಡೆದಿದೆ, ಹಾಕಬೇಡಿ" ಎಂಬ ಹಲಗೆ ನೇತುಹಾಕುತ್ತಾನೆ. ಒಂದು ಬಲ್ಬ್ ಹೋಲ್ಡರ್ ಬದಲಿಸಲು ಇಷ್ಟೊಂದು ಪೂಜೆ!

"ಹೊಸದರಾಗ ಅಗಸ ಗೋಣಿ ಎತ್ತೆತ್ತಿ ಒಗದನಂತ" ಎಂದು ಪಂಚಾಕ್ಷರಿ ಟೀ ಅಂಗಡಿಯಲ್ಲಿ ನಕ್ಕ. ಆದರೆ ಜನ ನಗಲಿಲ್ಲ. ಒಬ್ಬೊಬ್ಬರಾಗಿ ಲೋಕೇಶನನ್ನೇ ಕರೆಯತೊಡಗಿದರು. ಪಂಚಾಕ್ಷರಿಗೆ ಹೊಟ್ಟೆ ಉರಿಯತೊಡಗಿತು. ಲೋಕೇಶನ ಶೂ ಕಂಡರೆ ಉರಿ, ಬೀಗ ಕಂಡರೆ ಉರಿ, ಅವನು "ಮೇಡಂ, ಐದು ನಿಮಿಷ ಕರೆಂಟ್ ಇರಲ್ಲ" ಎಂದು ಮೊದಲೇ ಹೇಳುವ ವಿನಯ ಕಂಡರಂತೂ ಮೈಯೆಲ್ಲ ಪರಚಿಕೊಳ್ಳುವ ಹಾಗಾಗುತ್ತಿತ್ತು. ರಾತ್ರಿ ಪಾಳಿಯವರಿಗೂ ಆ ಐದು ನಿಮಿಷ ಈಗ ಏಕೆ ಭಾರವಾಗುತ್ತಿಲ್ಲ?

ಆ ಶನಿವಾರ ಲಕ್ಷ್ಮಮ್ಮನೂ ಲೋಕೇಶನನ್ನು ಕರೆಸಿದರು. ಎರಡನೇ ಮಹಡಿಯ ಆರನೇ ಮನೆಯ ಗೀಸರ್ ಕೆಟ್ಟಿತ್ತು. ಎದುರಿನ ಟೀ ಅಂಗಡಿಯ ಬೆಂಚಿನಲ್ಲಿ ಕೂತ ಪಂಚಾಕ್ಷರಿ ಎಲ್ಲವನ್ನೂ ನೋಡಿದ. ಲಕ್ಷ್ಮಮ್ಮ ಲೋಕೇಶನಿಗೆ ಕುರ್ಚಿ ಹಾಕಿಸಿದರು. ಕಾಫಿ ಕೊಟ್ಟರು, ಅದೂ ಅಂಚು ನೆಗ್ಗಿದ ಆ ಸ್ಟೀಲ್ ಲೋಟದಲ್ಲಿ. ಹನ್ನೆರಡು ವರ್ಷ ಪಂಚಾಕ್ಷರಿ ಕುಡಿದ ಲೋಟ ಅದು. ಮೆಟ್ಟಿಲ ಮೇಲೆ ಕೂತು ಕುಡಿದಿದ್ದ, ಕುರ್ಚಿ ಯಾರೂ ಹಾಕಿರಲಿಲ್ಲ.

ಲೋಕೇಶ್ ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡಿಗೆ ಹೋಗಿ ಆರನೇ ಮನೆಯ ಮೈನ್ ಆಫ್ ಮಾಡಿದ, ಬೀಗ ಹಾಕಿದ, ಮೇಲೆ ಹತ್ತಿದ.

ಆಗ ಪಂಚಾಕ್ಷರಿಗೆ ನೆನಪಾಯಿತು. ಆ ಗೀಸರ್ ಆರನೇ ಮನೆಯ ಮೀಟರಿನದಲ್ಲ. ಬಚ್ಚಲು ಕಟ್ಟಿದ ವರ್ಷ ವೈರ್ ಸಾಲದೆ, ಖಾಲಿ ಬಿದ್ದಿದ್ದ ಏಳನೇ ಮನೆಯಿಂದ ಲೈನ್ ಎಳೆದವನು ಅವನೇ. ಎಲ್ಲೂ ಬರೆದಿಟ್ಟಿರಲಿಲ್ಲ. ಬರೆದಿಡುವುದೇಕೆ, ತಾನಿದ್ದೀನಲ್ಲ ಅಂದುಕೊಂಡಿದ್ದ. ಬೀಗ ಬಿದ್ದದ್ದು ಬೇರೆ ಬಾಗಿಲಿಗೆ, ಮೇಲೆ ವೈರಿನಲ್ಲಿ ಕರೆಂಟು ಹರಿಯುತ್ತಲೇ ಇದೆ.

ಹೇಳಿದರೆ ಹನ್ನೆರಡು ವರ್ಷದ ಹೆಸರು ಹೋಗುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಒಂದು ಸಣ್ಣ ಹೊಡೆತ ಬೀಳಲಿ, ಅವನ ಮನಸ್ಸು ಅಂದಿತು. ಸಾಯುವಂಥದ್ದಲ್ಲ, ಆ ಶೂ ಬೀಗಗಳ ಸೊಕ್ಕು ಇಳಿಯುವಷ್ಟು. ನನಗೆ ಬಿದ್ದಿಲ್ಲವೇ? ಹೆಬ್ಬೆರಳಿನಿಂದ ಟೀ ಲೋಟ ಒತ್ತಿದ. ಕುದಿಯುವ ಟೀ, ಬೆರಳಿಗೆ ಬಿಸಿಯೇ ತಾಕಲಿಲ್ಲ. ತನಗೆ ಆ ಹೊಡೆತ ಬಿದ್ದದ್ದು ಒಣ ನೆಲದ ಮೇಲೆ. ಇದು ಬಚ್ಚಲು. ಬೆಳಿಗ್ಗೆಯಷ್ಟೇ ಯಾರೋ ಸ್ನಾನ ಮಾಡಿರುತ್ತಾರೆ.

ಲೋಟ ಎಸೆದು ಓಡಿದ. ಚಪ್ಪಲಿ ಅಂಗಡಿ ಮುಂದೆಯೇ ಉಳಿಯಿತು. ಎರಡು ಮಹಡಿ ಹತ್ತಿ, "ಮುಟ್ಟಬ್ಯಾಡೋ! ಕರೆಂಟ್ ಐತಿ, ಮುಟ್ಟಬ್ಯಾಡ!" ಎಂದು ಕಿರುಚುತ್ತ ಬಚ್ಚಲ ಬಾಗಿಲಿಗೆ ಬಂದು ನಿಂತ.

ಲೋಕೇಶ್ ರಬ್ಬರ್ ಚಾಪೆಯ ಮೇಲೆ ನಿಂತಿದ್ದ. ಕೈಯಲ್ಲಿ ಟೆಸ್ಟರ್, ಅದರ ಪುಟ್ಟ ದೀಪ ಉರಿಯುತ್ತಿತ್ತು. ವೈರಿಗೆ ಕೈ ಹಚ್ಚಿರಲೇ ಇಲ್ಲ.

"ಹೌದಣ್ಣ, ಇದೆ. ಮೈನ್ ಆಫ್ ಮಾಡಿದ್ರೂ ಟೆಸ್ಟ್ ಮಾಡ್ದೆ ನಾನು ಮುಟ್ಟಲ್ಲ" ಎಂದ ಲೋಕೇಶ್. "ಆದ್ರೆ ಎಲ್ಲಿಂದ ಬರ್ತಿದೆ ಅನ್ನೋದೇ ಗೊತ್ತಾಗ್ತಿಲ್ಲ."

ಹಿಂದೆ ಏದುಸಿರು ಬಿಡುತ್ತ ಬಂದ ಲಕ್ಷ್ಮಮ್ಮ ಕೇಳಿದರು: "ಬೀದೀಲಿ ಕುಂತಿದ್ದ ನಿಂಗೆ ಎಂಗ್ಲಾ ಗೊತ್ತಾಯ್ತು?"

ಸುಳ್ಳು ಹೇಳಬಹುದಿತ್ತು. ತಾನು ಓಡಿ ಬಾರದಿದ್ದರೂ ಇವನು ಉಳಿಯುತ್ತಿದ್ದ ಎಂಬುದೇ ಪಂಚಾಕ್ಷರಿಯನ್ನು ಎಲ್ಲಕ್ಕಿಂತ ಹೆಚ್ಚು ಉರಿಸಿತು.

"ಏಳನೇ ಮನಿಯಿಂದ ಬರ್ತೈತಿ. ಎಳದಾಂವ ನಾನಽ" ಎಂದ.

ಲೋಕೇಶ್ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು, ತಿರುಗಿ ಬೈಯಬಹುದಿತ್ತು. ಅವನು ಏಳನೇ ಮನೆಯ ಬಾಗಿಲು ತಟ್ಟಿ ವಿಷಯ ತಿಳಿಸಿ, ಪಂಚಾಕ್ಷರಿಯ ಜೊತೆ ಕೆಳಗಿಳಿದು, ಆ ಮನೆಯ ಮೈನ್ ಆಫ್ ಮಾಡಿ ಎರಡನೇ ಬೀಗ ಹಾಕಿದ. "ಅಣ್ಣ, ಕೆಲಸ ಮುಗಿಯೋತನಕ ಇಲ್ಲೇ ಇರ್ತೀರಾ? ಈ ಬಿಲ್ಡಿಂಗ್‌ದು ನಿಮ್ಗೆ ಗೊತ್ತಿರೋದು ನಂಗೆ ಗೊತ್ತಿಲ್ಲ" ಎಂದು ಮತ್ತೆ ಮೇಲೆ ಹತ್ತಿದ. ಆ ವಿನಯ ಈಗಲೂ ಪಂಚಾಕ್ಷರಿಗೆ ಸಹಿಸಲಾಗಲಿಲ್ಲ. ಆದರೂ ಬರಿಗಾಲಲ್ಲಿ ಬೋರ್ಡಿನ ಮುಂದೆ ಕೂತ.

ಹತ್ತು ನಿಮಿಷಕ್ಕೆ ಏಳನೇ ಮನೆಯ ದಾನೇಶ್ವರಿ ಇಳಿದು ಬಂದಳು. ಗಾರ್ಮೆಂಟ್ಸ್ ಪಾಳಿಗೆ ಹೊರಡುವ ಅವಸರ, ಮಿಕ್ಸಿಯಲ್ಲಿ ಚಟ್ನಿ ಅರ್ಧಕ್ಕೆ ನಿಂತಿತ್ತು. ಬೀಗ ನೋಡಿ ಮುಖ ಗಂಟಿಕ್ಕಿದಳು.

"ಎಷ್ಟೊತ್ತಣ್ಣ ಇದು? ನೀವಾಗಿದ್ರೆ ಕರೆಂಟ್ ತಗೀತಿದ್ದಿಲ್ಲ ನೋಡ್ರಿ."

ತಿಂಗಳುಗಟ್ಟಲೆ ಅವನು ಹಸಿದು ಕಾದಿದ್ದ ಮಾತು ಅದು. ಪಂಚಾಕ್ಷರಿ ತನ್ನ ಸತ್ತ ಹೆಬ್ಬೆರಳನ್ನು ಅವಳೆದುರು ಎತ್ತಿ ಹಿಡಿದ.

"ತಗೀಬೇಕಿತ್ತವ್ವಾ" ಎಂದ.