ಗುರುವಿಗೆ ಒಪ್ಪಿಸಿದ ಪಾಠ

ಶಿವಪುತ್ರಪ್ಪನ ಇಂಗ್ಲಿಷ್ ಕೆಟ್ಟದ್ದೆಂದು ಮೊದಲು ಹೇಳಿದವರು ಪ್ರೊಫೆಸರ್ ರಮಾನಾಥರು. ಅಲ್ಲಿಯವರೆಗೆ ಗುಳೇದಗುಡ್ಡದಲ್ಲಾಗಲಿ ಧಾರವಾಡದ ಕಾಲೇಜಿನಲ್ಲಾಗಲಿ ಹಾಗೆ ಯಾರೂ ಅಂದಿರಲಿಲ್ಲ. ಬಿ.ಎ. ಪಾಸಾಗಿ ಊರಿಗೆ ಬಂದಾಗ ಓಣಿಯವರೆಲ್ಲ ಇಂಗ್ಲಿಷಿನಲ್ಲಿ ಬಂದ ಸರಕಾರಿ ಕಾಗದಗಳನ್ನು ಅವನ ಕೈಲೇ ಓದಿಸುತ್ತಿದ್ದರು. ಮುಂಬಯಿಯ ಗ್ರಾಂಟ್ ರೋಡಿನಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಸೇಠ ಅವನ ಇಂಗ್ಲಿಷಿಗೇ ಮರುಳಾಗಿ ಕಾರಕೂನನ ಕೆಲಸ ಕೊಟ್ಟಿದ್ದ. ಅಂಥವನ ಮೊದಲ ಅಧ್ಯಾಯವನ್ನು ರಮಾನಾಥರು ಒದ್ದೆ ಬಟ್ಟೆಯ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದು ಇಂಗ್ಲಿಷ್ ಅಲ್ಲ" ಎಂದರು. ಅದನ್ನೂ ಇಂಗ್ಲಿಷಿನಲ್ಲೇ ಹೇಳಿದರು.

ಅದು ಸಾವಿರದ ಒಂಬೈನೂರ ಐವತ್ತಮೂರನೆಯ ಇಸವಿ. ಶಿವಪುತ್ರಪ್ಪ ಮುಂಬಯಿಯ ಕಾಲೇಜೊಂದರಲ್ಲಿ, ರಮಾನಾಥರ ಮಾರ್ಗದರ್ಶನದಲ್ಲಿ, ಸಮಾಜಶಾಸ್ತ್ರದಲ್ಲಿ ಎಂ.ಎ. ಪದವಿಗಾಗಿ ಪ್ರಬಂಧ ಬರೆಯಲು ಹೆಸರು ನೋಂದಾಯಿಸಿದ್ದ. ಕೈಮಗ್ಗ ಬಿಟ್ಟು ಮುಂಬಯಿಯ ಮಿಲ್ಲುಗಳಿಗೆ ಬಂದ ಗುಳೇದಗುಡ್ಡದ ಹೆಂಗಸರ ಬದುಕು, ಅವನ ವಿಷಯ. ಎಂ.ಎ. ಒಂದು ಆದರೆ ಬಾಗಲಕೋಟೆಯ ಕಡೆ ಎಲ್ಲಾದರೂ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಗುತ್ತಿತ್ತು. ಆಗದಿದ್ದರೆ ಸೇಠನ ಅಂಗಡಿಯಲ್ಲಿ ಬಟ್ಟೆಯ ಥಾನು ಎಣಿಸುತ್ತಲೇ ಕೂದಲು ಹಣ್ಣಾಗಬೇಕು. ನಡುವೆ ಮೂರನೆಯ ದಾರಿ ಇರಲಿಲ್ಲ.

ವಿಷಯ ಹುಡುಕಿಕೊಂಡು ಅವನು ದೂರ ಹೋಗಬೇಕಾಗಿರಲಿಲ್ಲ. ಅವನ ಸೋದರತ್ತೆ ಚನ್ನವ್ವ ಗಂಡ ತೀರಿಕೊಂಡ ಮೇಲೆ ಮುಂಬಯಿಯ ಪರಳದ ಮಿಲ್ಲೊಂದರ ವೈಂಡಿಂಗ್ ಖಾತೆಯಲ್ಲಿ ನೂಲು ಸುತ್ತಿದವಳು. ಹತ್ತಿಯ ಧೂಳು ಎದೆಗೆ ಕೂತು ಕೆಮ್ಮು ಹಿಡಿದ ಮೇಲೆ ಕೆಲಸ ಬಿಟ್ಟು, ದಹಿಸರಿನ ಚಾಳಿನ ಒಂದು ಖೋಲಿಯಲ್ಲಿ ಸೋದರಳಿಯನಾದ ಇವನಿಗೆ ರೊಟ್ಟಿ ಬಡಿದು ಹಾಕುತ್ತಿದ್ದಳು. ಊರಿನ ಮಗ್ಗದಿಂದ ತಂದ ಮರದ ಲಾಳಿಯೊಂದು ಅವಳ ದೇವರ ಗೂಡಿನಲ್ಲಿತ್ತು. ಮಹಾನವಮಿಯಲ್ಲಿ ಆಯುಧ, ಉಪಕರಣಗಳಿಗೆ ಮಾಡುವ ಖಂಡೇಪೂಜೆಯ ದಿನ ಅದಕ್ಕೆ ವಿಭೂತಿ, ಕುಂಕುಮ, ಹೂವು.

"ಮಿಲ್ಲಿನ ಮಷೀನಿಗೂ ಪೂಜಾ ಮಾಡತಿದ್ರೇನು ಅತ್ತಿ?" ಎಂದು ಅವನು ಒಮ್ಮೆ ಕೇಳಿದ್ದ.

"ಅದಕ್ಯಾಕೋ? ಅದು ಮಾಲಕಂದು. ಬೇಕಾದ್ರ ಅವನ ಹೇಣ್ತಿ ಮಾಡ್ಲಿ" ಎಂದಿದ್ದಳು ಚನ್ನವ್ವ. "ಊರಾಗ ಮಗ್ಗ ನಮ್ಮ ಮಾತು ಕೇಳತಿತ್ತು. ಇಲ್ಲೆ ನಾವು ಭೋಂಗಾದ ಮಾತು ಕೇಳಬೇಕು."

ಮಿಲ್ಲಿನ ಭೋಂಗಾ ಕೂಗಿದಾಗ ಏಳುವ, ಕೂಗಿದಾಗ ಉಣ್ಣುವ ಹೆಂಗಸರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದೇನಿದೆ? ಶಿವಪುತ್ರಪ್ಪನ ಪ್ರಬಂಧದ ಜೀವ ಅಲ್ಲಿಯೇ ಇತ್ತು. ಆದರೆ ಆ ಮಾತು ಅವನ ಇಂಗ್ಲಿಷಿಗೆ ಇಳಿಯುವಾಗ ಕೈಕಾಲು ಮುರಿದುಕೊಂಡು ಬೀಳುತ್ತಿತ್ತು. ಅದು ಅವನಿಗೂ ಗೊತ್ತಿತ್ತು. ಆದ್ದರಿಂದಲೇ ರಮಾನಾಥರ ಮಾತಿಗೆ ಅವನು ಎದುರಾಡಲಿಲ್ಲ.

ರಮಾನಾಥರು ಉಡುಪಿಯ ಕಡೆಯವರು, ವಿಲಾಯತಿಯಲ್ಲಿ ಓದಿ ಬಂದವರು. ಕಾಲೇಜಿನ ಎದುರಿನ ಹೋಟೆಲಿನಲ್ಲಿ ಯಜಮಾನರೊಡನೆ ಕನ್ನಡದಲ್ಲಿ ನಗೆಯಾಡುತ್ತಾ ಕಾಫಿ ಕುಡಿಯುವುದನ್ನು ಶಿವಪುತ್ರಪ್ಪ ಕಣ್ಣಾರೆ ಕಂಡಿದ್ದ. ಅವನೊಡನೆ ಮಾತ್ರ ಒಂದು ಕನ್ನಡ ಶಬ್ದ ಆಡಿದವರಲ್ಲ. ಅವನು ಕನ್ನಡದಲ್ಲಿ ಕೇಳಿದರೂ ಉತ್ತರ ಇಂಗ್ಲಿಷಿನಲ್ಲೇ ಬರುತ್ತಿತ್ತು. ಅದೂ ತನ್ನ ಒಳ್ಳೆಯದಕ್ಕೇ ಎಂದು ಅವನು ತಿಳಿದಿದ್ದ. ಇಂಗ್ಲಿಷ್ ಸುಧಾರಿಸಲು ಏನು ಮಾಡಬೇಕೆಂದು ಕೇಳಿದಾಗ ಅವರು ತಾವು ಬರೆದ ಪುಸ್ತಕವನ್ನು ಮುಂದೆ ತಳ್ಳಿದರು. "ಓದು. ಮತ್ತೆ ಮತ್ತೆ ಓದು. ಈ ಇಂಗ್ಲಿಷ್ ನಿನ್ನ ರಕ್ತಕ್ಕೆ ಇಳಿಯಬೇಕು."

ಪಾಪ, ಯಾರಿಗೆ ಹೇಳಿದೆವೆಂದು ಅವರಿಗೇನು ಗೊತ್ತು! ಶಿವಪುತ್ರಪ್ಪ ಮಠದಲ್ಲಿ ಅಕ್ಷರ ಕಲಿತವನು. ಅಲ್ಲಿ ಓದುವುದೆಂದರೆ ಬಾಯಿಪಾಠ. ಅಯ್ಯನವರು ವಚನ ಹೇಳಿಕೊಟ್ಟರೆ ಮರುದಿನ ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ ಒಪ್ಪಿಸಬೇಕು. ನಡುವೆ ತನ್ನದೊಂದು ಶಬ್ದ ಸೇರಿಸಿದವನ ಕಿವಿ ಕೆಂಪಾಗುತ್ತಿತ್ತು. ಸರಿಯಾಗಿ ಒಪ್ಪಿಸಿದರೆ ಅಯ್ಯನವರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ಇದು ಯಾರ ಮಾತು ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಹೇಳಿದವರ ಅಂಕಿತ ವಚನದ ಕೊನೆಗೇ ಇರುತ್ತಿತ್ತು, ಕೇಳಿದವರಿಗೆಲ್ಲ ಅದು ಗೊತ್ತಿರುತ್ತಿತ್ತು.

ದಹಿಸರಿನಿಂದ ಗ್ರಾಂಟ್ ರೋಡಿನವರೆಗೆ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಅವನು ರಮಾನಾಥರ ಪುಸ್ತಕವನ್ನು ಬಾಯಿಪಾಠ ಮಾಡಿದ. ಕಣ್ಣು ಮುಚ್ಚಿ ತುಟಿ ಆಡಿಸುವ ಈ ಆಸಾಮಿ ಯಾವುದೋ ಸ್ತೋತ್ರ ಹೇಳುತ್ತಿದ್ದಾನೆಂದು ದಿನಾ ಜೊತೆಗೆ ಬರುತ್ತಿದ್ದ ಗುಜರಾತಿ ಮುದುಕನೊಬ್ಬ ಭಕ್ತಿಯಿಂದ ಜಾಗ ಬಿಡುತ್ತಿದ್ದ. ಎರಡು ವರ್ಷದಲ್ಲಿ ಪುಸ್ತಕ ಪೂರ್ತಿ ನಾಲಗೆಯ ಮೇಲೆ ಬಂತು. ಆಮೇಲೆ ಪ್ರಬಂಧ ಬರೆಯಲು ಕೂತರೆ ಇಂಗ್ಲಿಷ್ ನೀರು ಹರಿದಂತೆ ಹರಿಯಿತು. ಪೀಠಿಕೆ, ಸಮಾರೋಪ, ಅಧ್ಯಾಯದಿಂದ ಅಧ್ಯಾಯಕ್ಕೆ ದಾಟುವ ಜಾಗಗಳು, ಎಲ್ಲ ಕಡೆ ಗುರುಗಳ ವಾಕ್ಯಗಳು. ನಡುವಿನ ಹೆಂಗಸರು, ಲಾಳಿ, ಖಂಡೇಪೂಜೆ, ಭೋಂಗಾ ಮಾತ್ರ ಅವನದೇ ಕುಂಟು ಇಂಗ್ಲಿಷಿನಲ್ಲಿ ಉಳಿದವು.

ಪ್ರಬಂಧ ಓದಿದ ರಮಾನಾಥರು ಅವನನ್ನು ಕೋಣೆಗೆ ಕರೆಸಿದರು. ಮೊದಲ ಪುಟದಿಂದ ಒಂದು ವಾಕ್ಯ ಓದಿ, "ಇದು ಯಾರದು?" ಎಂದರು.

"ತಮ್ಮದೇ ಸರ್" ಎಂದ ಶಿವಪುತ್ರಪ್ಪ. ಮುಖ ಅರಳಿತು.

"ಇದು?"

"ಅದೂ ತಮ್ಮದೇ ಸರ್. ಮೂರನೇ ಅಧ್ಯಾಯ ಶುರುವಾಗೋದೇ ಅದರಿಂದ." ಅಷ್ಟಕ್ಕೆ ಬಿಡದೆ ಮುಂದಿನ ವಾಕ್ಯವನ್ನೂ ತಾನೇ ಒಪ್ಪಿಸಿದ. ಗುರುಗಳು ಈಗ ತಲೆದೂಗುತ್ತಾರೆ ಎಂದು ಕಾದ.

ರಮಾನಾಥರು ತಲೆದೂಗಲಿಲ್ಲ. "ಇದಕ್ಕೆ ಕಳವು ಎನ್ನುತ್ತಾರೆ" ಎಂದರು. ಶಿವಪುತ್ರಪ್ಪನ ಮುಖದ ನಗು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ಉಳಿಯಿತು. ತಾವೇ ಹೇಳಿದ್ದಿರಲ್ಲ ಸರ್, ರಕ್ತಕ್ಕೆ ಇಳಿಯಬೇಕೆಂದು, ಎನ್ನಲು ಹೋದರೆ ಎರಡು ವರ್ಷ ಉರುಹೊಡೆದ ಇಂಗ್ಲಿಷಿನಲ್ಲಿ ಆ ಒಂದು ಮಾತಿಗೆ ಶಬ್ದ ಸಿಗಲಿಲ್ಲ. ಪುಸ್ತಕದಲ್ಲಿ ಅಂಥ ವಾಕ್ಯ ಇರಲಿಲ್ಲ.

ಆಗ ರಮಾನಾಥರು ಮೊದಲ ಸಲ ಕನ್ನಡದಲ್ಲಿ ಮಾತಾಡಿದರು. "ನೋಡಿ ಶಿವಪುತ್ರಪ್ಪ, ಇದನ್ನು ನಾನು ಯುನಿವರ್ಸಿಟಿಗೆ ಕಳಿಸಿದರೆ ನಿಮ್ಮ ಮಾನ ಹೋಗ್ತದೆ. ಸುಮ್ಮನೆ ಹೆಸರು ಹಿಂದೆ ತಗೊಳ್ಳಿ. ಯಾರಿಗೂ ಗೊತ್ತಾಗುವುದು ಬೇಡ. ನಮ್ಮವರು ಅಂತ ಹೇಳುವುದು ನಾನು." ಪ್ರಬಂಧ ಅವರ ಮೇಜಿನ ಮೇಲೇ ಉಳಿಯಿತು. ವಾಪಸ್ ಕೇಳುವ ಮುಖ ಅವನಿಗಿರಲಿಲ್ಲ. ಕಳ್ಳನೆಂದವರ ಕಾಲಿಗೇ ಬಿದ್ದು, ಉಪಕಾರವಾಯಿತೆಂದು ಹೇಳಿ ಹೊರಗೆ ಬಂದ.

ಮನೆಯಲ್ಲಿ ಕಳವಿನ ಮಾತು ಎತ್ತಲಿಲ್ಲ. "ನನ್ನ ಇಂಗ್ಲಿಷ್ ಸಾಲಲಿಲ್ಲಂತ, ಅತ್ತಿ" ಎಂದಷ್ಟೇ ಹೇಳಿದ. ಚನ್ನವ್ವ ಅದನ್ನೇ ಪರಳದ ತನ್ನ ಗೆಳತಿಯರಿಗೂ ಹೇಳಿದಳು. ಅವನ ಮುಂದೆ ಕೂತು ತಮ್ಮ ಬದುಕನ್ನೆಲ್ಲ ಬಿಚ್ಚಿ ಹೇಳಿದ್ದ ಹೆಂಗಸರು ಅವರು. ಅವರೂ ಅಯ್ಯೋ ಪಾಪ ಎಂದರು.

ಮರುವರ್ಷ ರಾಜ್ಯಗಳು ಬೇರೆಯಾಗಿ ಬಿಜಾಪುರ, ಧಾರವಾಡ ಮೈಸೂರಿಗೆ ಸೇರಿದವು. ಶಿವಪುತ್ರಪ್ಪನ ಜೊತೆಗೆ ಓದಿದ ಈರಣ್ಣ ಹುಬ್ಬಳ್ಳಿಯಲ್ಲಿ ಲೆಕ್ಚರರ್ ಆಗಿ ಹೋದ. ಶಿವಪುತ್ರಪ್ಪ ಥಾನು ಎಣಿಸುತ್ತಾ ಇಲ್ಲೇ ಉಳಿದ. ಲೋಕಲಿನಲ್ಲಿ ಸುಮ್ಮನೆ ನಿಂತಿರುತ್ತಿದ್ದ. ಗುಜರಾತಿ ಮುದುಕ ಇವನ ಭಕ್ತಿ ಹೋಯಿತೆಂದುಕೊಂಡನೋ ಏನೋ, ಜಾಗ ಬಿಡುವುದನ್ನು ನಿಲ್ಲಿಸಿದ.

ಐವತ್ತೆಂಟರಲ್ಲಿ ಸೇಠನ ಕೆಲಸಕ್ಕೆಂದು ಫೋರ್ಟಿನ ಕಡೆ ಹೋದಾಗ ಪುಸ್ತಕದಂಗಡಿಯ ಗಾಜಿನ ಹಿಂದೆ ರಮಾನಾಥರ ಹೊಸ ಪುಸ್ತಕ ಕಂಡಿತು. ಕೊಂಡು, ವಾಪಸ್ ಬರುವಾಗ ಲೋಕಲಿನಲ್ಲಿ ತೆರೆದ. ಒಂದಿಡೀ ಅಧ್ಯಾಯ ಗುಳೇದಗುಡ್ಡದ ಹೆಂಗಸರ ಮೇಲಿತ್ತು. ದೇವರ ಗೂಡಿನ ಲಾಳಿ ಇತ್ತು, ಖಂಡೇಪೂಜೆ ಇತ್ತು, ಮಾಲಕನ ಹೆಂಡತಿ ಪೂಜೆ ಮಾಡಲಿ ಎಂದದ್ದೂ ಇತ್ತು. ಪುಸ್ತಕದ ಮೊದಲಿಗೆ ರಮಾನಾಥರು ಉಪಕಾರ ಸ್ಮರಿಸಿದ್ದರು: ವಿಲಾಯತಿಯ ಗುರುಗಳು, ಹೆಂಡತಿ ಮೋಹಿನಿ, ಟೈಪು ಮಾಡಿಕೊಟ್ಟವರು. ಶಿವಪುತ್ರಪ್ಪನ ಹೆಸರು ಇರಲಿಲ್ಲ. ಹಾಗೆಂದು ಅವರನ್ನು ಕಳ್ಳರೆನ್ನುವ ಹಾಗೂ ಇರಲಿಲ್ಲ, ಏಕೆಂದರೆ ಇಂಗ್ಲಿಷ್ ಪೂರ್ತಿ ಅವರದೇ. ಬರೆದ ವಾಕ್ಯಕ್ಕೆ ಒಡೆಯರಿರುತ್ತಾರೆ, ಮುದುಕಿ ಆಡಿದ ಮಾತಿಗೆ ಯಾರಿರುತ್ತಾರೆ? ಸಿಟ್ಟಿನ ನಡುವೆಯೂ ಆ ಇಂಗ್ಲಿಷ್ ಎಷ್ಟು ಚೆನ್ನಾಗಿತ್ತೆಂದರೆ, ಬೊರಿವಲಿ ದಾಟುವ ಹೊತ್ತಿಗೆ ತನ್ನ ತುಟಿಗಳು ಅದನ್ನು ಬಾಯಿಪಾಠ ಮಾಡುತ್ತಿರುವುದು ಅವನಿಗೆ ತಿಳಿಯಿತು. ತನ್ನ ಮೇಲೇ ಹೇಸಿಗೆಯಾಗಿ ಪುಸ್ತಕ ಮುಚ್ಚಿದ.

ಚನ್ನವ್ವ ಜೋಳ ಹಸನು ಮಾಡುತ್ತಾ ಕೂತಿದ್ದಳು. "ಏನೋ ಅದು, ಹೊಸಾ ಪುಸ್ತಕ?"

"ನಿಮ್ಮಂಥಾ ಹೆಣ್ಮಕ್ಕಳ ಮ್ಯಾಲೆ ಬರದದ್ದು, ಅತ್ತಿ. ನಮ್ಮ ಸರ್ ಬರದಾರ."

"ಓದಿ ಹೇಳು ಮತ್ತ."

ಬೇಡವೆನ್ನಬಹುದಿತ್ತು. ಆದರೆ ತನ್ನ ಪರವಾಗಿ ಸಿಟ್ಟಾಗುವ ಒಂದು ಜೀವವಾದರೂ ಅವನಿಗೆ ಬೇಕಾಗಿತ್ತು. ಅವಳೇ ಕಂಡುಹಿಡಿದು ಬೈಯಲಿ ಎಂದು ಓದತೊಡಗಿದ. ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸುವ ಕಷ್ಟವೇ ಇರಲಿಲ್ಲ, ಅವಳ ಮಾತು ಅವಳು ಆಡಿದಂತೆಯೇ ನೆನಪಿತ್ತು. "ಊರಾಗ ಮಗ್ಗ ನಮ್ಮ ಮಾತು ಕೇಳತಿತ್ತು. ಇಲ್ಲೆ ನಾವು ಭೋಂಗಾದ ಮಾತು ಕೇಳಬೇಕು."

ಮೊರದ ಮೇಲಿನ ಕೈ ನಿಂತಿತು. "ಅಯ್ಯ ಶಿವನ, ಇದು ನನ್ನ ಮಾತಲ್ಲೇನೋ?"

"ಹೌದತ್ತಿ."

"ನನ್ನ ಹೆಸರು ಹಾಕ್ಯಾರೇನು?"

"ಒಬ್ಬ ಮುದುಕಿ ಅಂತ ಹಾಕ್ಯಾರ."

"ಮುದುಕಿ ಹೌದಲ್ಲ ಮತ್ತ!" ಎಂದು ಚನ್ನವ್ವ ಕೆಮ್ಮುತ್ತಾ ನಕ್ಕಳು. ಇನ್ನೊಮ್ಮೆ ಓದಿಸಿದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆ ಮಾತು ಅವರಿಗೆ ಹೇಗೆ ಸಿಕ್ಕಿತೆಂದು ಈಗ ಕೇಳುತ್ತಾಳೆ ಎಂದು ಶಿವಪುತ್ರಪ್ಪ ಕಾದ.

"ಎಷ್ಟ ಚಂದ ಬರದಾರೋ!" ಎಂದಳು ಅವಳು. "ನೀನೂ ಹಿಂಗ ಬರದಿದ್ರ ಪಾಸಾಗತಿದ್ದಿಲ್ಲೇನು, ನನ್ನಪ್ಪಾ?"

"ಹೌದತ್ತಿ" ಎಂದ ಶಿವಪುತ್ರಪ್ಪ.