ಅಪ್ಪ ಬೀದಿಯಲ್ಲಿ ಕುಳಿತ ದಿನ

ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಕೊಯಮತ್ತೂರಿನ ಹತ್ತಿರ ಕರುಮತ್ತಂಪಟ್ಟಿಯಲ್ಲಿತ್ತು. ನಮ್ಮ ಬೀದಿಯಲ್ಲಿದ್ದವರೆಲ್ಲ ನೇಯುವವರೇ. ಶಾಲೆಯಲ್ಲಿ, ಅಂಗಡಿಯಲ್ಲಿ ತಮಿಳು. ಹೊಸ್ತಿಲು ದಾಟಿ ಒಳಗೆ ಬಂದರೆ ಕನ್ನಡ. ಆ ಕನ್ನಡಕ್ಕೂ ಧಾರಾಳವಾಗಿ ತಮಿಳಿನ ಒಗ್ಗರಣೆ. ಕನ್ನಡ ಅಕ್ಷರ ಮಾತ್ರ ಯಾರಿಗೂ ಬರುತ್ತಿರಲಿಲ್ಲ. ಮದುವೆಯಾಗಿ ಮೈಸೂರಿಗೆ ಬಂದಮೇಲೆ, ನಿಮ್ಮಮ್ಮನನ್ನು ಶಾಲೆಗೆ ಸೇರಿಸಿದಾಗ, ಅವಳ ಪಕ್ಕದಲ್ಲಿ ಕೂತು ಅ ಆ ಇ ಈ ಕಲಿತವಳು ನಾನು. ಆದ್ದರಿಂದ ಎಲ್ಲಾದರೂ ಕಾಗುಣಿತ ತಪ್ಪಿದ್ದರೆ ನಗಬೇಡಿ ಮಕ್ಕಳೇ.

ಮನೆಯ ಹಿಂದೆ ಅಪ್ಪನ ಶೆಡ್ಡು. ಅದರಲ್ಲಿ ಹನ್ನೆರಡು ಪವರ್‌ಲೂಮ್ ಮಗ್ಗಗಳು. ಬೆಳಗಿನಿಂದ ಸಂಜೆಯವರೆಗೆ ಅವುಗಳ ಟಕಾಟಕ್ ಸದ್ದು ಎಷ್ಟಿತ್ತೆಂದರೆ ನಮ್ಮ ಮನೆಯವರೆಲ್ಲ ಕಿರುಚಿಯೇ ಮಾತಾಡುತ್ತಿದ್ದೆವು. ಇಂದಿಗೂ ನಾನು ಫೋನಿನಲ್ಲಿ ಮಾತಾಡಿದರೆ ನೀವು ಕಿವಿ ಮುಚ್ಚಿಕೊಳ್ಳುತ್ತೀರಲ್ಲ, ಅದಕ್ಕೆ ಕಾರಣ ಆ ಶೆಡ್ಡೇ. ಕೆಲಸದವರು ಅಪ್ಪನನ್ನು ಮೊದಲಾಳಿ ಎನ್ನುತ್ತಿದ್ದರು, ಅಂದರೆ ಯಜಮಾನ. ಬೀದಿಯಲ್ಲಿ ಯಾರ ಮನೆಯ ಹುಡುಗನಿಗೆ ಓದು ಹತ್ತಲಿಲ್ಲ, ಯಾರ ಮನೆಯಲ್ಲಿ ಹೆರಿಗೆಗೆ ಆಸ್ಪತ್ರೆಗೆ ಹೋಗಬೇಕು, ಎಲ್ಲವೂ ಮೊದಲು ಅಪ್ಪನ ಕಿವಿಗೆ ಬೀಳುತ್ತಿತ್ತು. ಅಮ್ಮ ಗೊಣಗುತ್ತಿದ್ದರು, ಈ ಮನುಷ್ಯನಿಗೆ ಊರೆಲ್ಲ ಮನೆ, ಮನೆ ಮಾತ್ರ ಛತ್ರ ಎಂದು. ಗೊಣಗುತ್ತಲೇ ಬಂದವರಿಗೆಲ್ಲ ಕಾಫಿ ಬೆರೆಸುತ್ತಿದ್ದರು.

ಆಗಲೇ ಬೀದಿಯಲ್ಲಿ ಕೈಮಗ್ಗ ಉಳಿದಿದ್ದುದು ಒಂದೇ ಮನೆಯಲ್ಲಿ, ಮೂಲೆಮನೆ ದೊಡ್ಡಪ್ಪನ ಬಳಿ. ರಕ್ತ ಸಂಬಂಧವೇನೂ ಇರಲಿಲ್ಲ. ಅಪ್ಪನಿಗೆ ನೇಯ್ಗೆ ಕಲಿಸಿದವರು, ಹಾಗಾಗಿ ನಮಗೆ ದೊಡ್ಡಪ್ಪ. ಸೀರೆಗೆ ಉದ್ದುದ್ದ ಎಳೆಗಳನ್ನು ಹಾಸಿಕೊಳ್ಳುತ್ತಾರಲ್ಲ, ಅದಕ್ಕೆ ನಾವು ಪಾವು ಎನ್ನುತ್ತಿದ್ದೆವು. ಮಗ್ಗಕ್ಕೆ ಏರಿಸುವ ಮುಂಚೆ ಅದನ್ನು ಬೀದಿಯ ಉದ್ದಕ್ಕೂ ಬಿದಿರಿನ ಕಾಲುಗಳ ಮೇಲೆ ಬಿಗಿಯಾಗಿ ಹಿಡಿದು, ಅಕ್ಕಿಗಂಜಿ ಹಚ್ಚಿ, ಎಳೆ ಒಂದಕ್ಕೊಂದು ಅಂಟದ ಹಾಗೆ ಕುಂಚದಿಂದ ತೀಡಿ ಒಣಗಿಸಬೇಕು. ಒಬ್ಬಿಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಯಾರ ಪಾವು ಬೀದಿಗೆ ಬಂದರೂ ಮನೆಗೊಬ್ಬರು ಹೋಗಿ ಎರಡೂ ಪಕ್ಕ ಸಾಲಾಗಿ ನಿಲ್ಲಬೇಕು, ಕರೆಯಲಿ ಎಂದು ಕಾಯಬಾರದು. ಅದು ಬೀದಿಯ ಕಟ್ಟಳೆ. ಕೈಮಗ್ಗ ಬಿಟ್ಟು ಎಷ್ಟೋ ವರ್ಷವಾದಮೇಲೂ ನಮ್ಮ ಮನೆಯಿಂದ ಅಪ್ಪನೇ ಹೋಗುತ್ತಿದ್ದರು.

ಆ ದಿನ ದೊಡ್ಡಪ್ಪ ಬೀದಿಗೆ ಹಾಕಿದ್ದು ಮಗಳ ಮದುವೆ ಸೀರೆಯ ಪಾವು. ನಮ್ಮಲ್ಲಿ ಆಗ ಮಗಳಿಗೆ ಅಪ್ಪನೇ ನೇಯ್ದು ಉಡಿಸಿದರೆ ಅದೊಂದು ದೊಡ್ಡ ಹೆಮ್ಮೆ. ದೊಡ್ಡಪ್ಪನ ಕಣ್ಣು ಮಂಜಾಗಿತ್ತು, ಕೈ ನಡುಗುತ್ತಿತ್ತು. ಇದೇ ಕೊನೆಯ ಪಾವು ಎಂದು ಅವರೇ ಹೇಳಿಕೊಂಡಿದ್ದರು. ಮದುವಣಗಿತ್ತಿ ಅಕ್ಕ ಬಾಗಿಲ ಹಿಂದೆ ನಿಂತು ಇಣುಕುತ್ತಿದ್ದಳು.

ಅದೇ ದಿನ ಹತ್ತು ಗಂಟೆಗೆ ನಮ್ಮ ಮನೆಗೆ ಬೊಂಬಾಯಿಯ ಸೇಟು ಬರುವವರಿದ್ದರು. ಅವರು ಅಪ್ಪನ ಬಟ್ಟೆ ಮೆಚ್ಚಿ ವರ್ಷವಿಡೀ ಆರ್ಡರ್ ಕೊಟ್ಟರೆ ಇನ್ನೂ ಎಂಟು ಮಗ್ಗ ಹಾಕಿ, ಬೀದಿಯಲ್ಲಿ ಸುಮ್ಮನೆ ಕೂತಿದ್ದ ಹುಡುಗರಿಗೆಲ್ಲ ಕೆಲಸ ಕೊಡಬೇಕೆಂದು ಅಪ್ಪ ತಿಂಗಳುಗಟ್ಟಲೆ ಆಸೆ ಇಟ್ಟುಕೊಂಡಿದ್ದರು. ಅಮ್ಮ ತುಪ್ಪ ಸುರಿದು ಕೇಸರಿ ಮಾಡಿದ್ದರು. ಅಪ್ಪ ಬೆಳಗಿನ ಜಾವವೇ ಪಾವಿನ ಕೆಲಸಕ್ಕೆ ಕೈಜೋಡಿಸಿ, ಎಂಟಕ್ಕೆ ಮನೆಗೆ ಬಂದು ಸ್ನಾನ ಮಾಡಿ, ಇಸ್ತ್ರಿಯ ಬಿಳಿ ಷರಟು ಹಾಕಿಕೊಂಡರು. ಅಷ್ಟರಲ್ಲಿ ಬೀದಿಯ ಬಾಯಲ್ಲಿ ಕಾರಿನ ಹಾರ್ನ್. ಸೇಟು ಬೇಗನೆ ಬಂದುಬಿಟ್ಟಿದ್ದರು!

ಕಾರು ಒಳಗೆ ಬರುವ ಹಾಗಿರಲಿಲ್ಲ. ಬೀದಿಯ ತುಂಬ ಹಸಿ ಪಾವು. ಅಪ್ಪ ಕೈಮುಗಿದುಕೊಂಡು ಕಾರಿನ ಕಡೆ ಓಡಿದರು, ದೊಡ್ಡವರ ಕಣ್ಣೆಲ್ಲ ಆ ಕಡೆ ಹೋಯಿತು. ನನಗೆ ಒಪ್ಪಿಸಿದ್ದ ಕೆಲಸ ಪಾವಿನ ಈ ತುದಿಯಲ್ಲಿ ನಿಂತು ಕೋಳಿ, ಆಡು ಓಡಿಸುವುದು. ಕಾರು ನಿಂತೇ ಇದೆ, ಅಪ್ಪನ ಕೆಲಸ ಕೆಡುತ್ತದೆ ಎಂದು ನನಗೆ ಗಾಬರಿಯಾಯಿತು. ಪಾವು ಸುತ್ತುವ ಮುಂಚೆ ದೊಡ್ಡವರು ಈ ತುದಿಯಲ್ಲಿ ಎಳೆಗಳ ನಡುವೆ ತೂರಿಸಿದ್ದ ಎರಡು ಬಿದಿರುಕೋಲು ಎಳೆಯುವುದನ್ನು ನಾನು ನೋಡಿದ್ದೆ. ನಾನೇ ಎಳೆದರೆ ಬೇಗ ಸುತ್ತಿ ದಾರಿ ಬಿಡುತ್ತಾರೆ ಎಂದುಕೊಂಡೆ. ಎಳೆದೇಬಿಟ್ಟೆ, ಎರಡನ್ನೂ.

ನಾನು ನೋಡದೆ ಇದ್ದುದು ಒಂದಿತ್ತು. ಒಂದು ಎಳೆ ಮೇಲೆ, ಮುಂದಿನದು ಕೆಳಗೆ, ಹೀಗೆ ಸಾವಿರಾರು ಎಳೆಗಳನ್ನು ಸರದಿ ತಪ್ಪದಂತೆ ಹಿಡಿದಿಡುವುದು ಆ ಕೋಲುಗಳೇ. ಅವನ್ನು ಎಳೆಯುವ ಮುಂಚೆ ಆ ಜಾಗದಲ್ಲಿ ದಾರ ಪೋಣಿಸಿ ಕಟ್ಟುತ್ತಾರೆ. ನಾನು ಎಳೆದ ಕೂಡಲೇ ಎಳೆಗಳೆಲ್ಲ ಕಲೆತು, ಹಸಿ ಗಂಜಿಯಲ್ಲಿ ಒಂದಕ್ಕೊಂದು ಅಂಟಿಕೊಂಡವು. ಹಾಗೇ ಒಣಗಿದರೆ ಪಾವನ್ನು ಎಸೆಯುವುದೊಂದೇ ದಾರಿ. ಯಾರೋ ಅಯ್ಯೋ ಎಂದರು. ದೊಡ್ಡಪ್ಪ ನೆಲಕ್ಕೆ ಕುಸಿದು ಕೂತರು. ಬಾಗಿಲ ಹಿಂದಿನ ಅಕ್ಕನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಅಪ್ಪ ಸೇಟಿನ ಜೊತೆಗೇ ನಡೆದು ಬಂದರು. ಪಾವನ್ನೊಮ್ಮೆ, ನನ್ನ ಕೈಯ ಕೋಲುಗಳನ್ನೊಮ್ಮೆ ನೋಡಿದರು. ಅಪ್ಪ ಪಂಚೆ ಎತ್ತಿಕಟ್ಟಿ, ಆ ಬಿಳಿ ಷರಟಿನಲ್ಲೇ ಗಂಜಿ ಚೆಲ್ಲಿದ ಮಣ್ಣಿನ ಮೇಲೆ ಕುಳಿತುಬಿಟ್ಟರು. ಒಂದಿಷ್ಟು ಆಚೆ ಇನ್ನೊಂದು ಜೊತೆ ಕೋಲಿತ್ತು, ಅಲ್ಲಿ ಸರದಿ ಇನ್ನೂ ಕೆಟ್ಟಿರಲಿಲ್ಲ. ಅಲ್ಲಿಂದ ಒಂದೊಂದೇ ಎಳೆಯನ್ನು ಬಿಡಿಸಿಕೊಂಡು ಬರಬೇಕು. ದೊಡ್ಡಪ್ಪನ ಕಣ್ಣಿಗೆ ಅದು ಆಗದು, ಅವರನ್ನು ಬಿಟ್ಟರೆ ಅದು ತಿಳಿದಿದ್ದ ಕೈ ಅವರೇ ಕಲಿಸಿದ ಅಪ್ಪನದೊಂದೇ. ಹೆಂಗಸರು ಒದ್ದೆ ಬಟ್ಟೆ ತಂದು ಪಾವು ಒಣಗದ ಹಾಗೆ ಹಿಡಿದರು.

ಸೇಟು ಗಡಿಯಾರ ನೋಡಿಕೊಂಡರು. ಪಕ್ಕದ ಸೋಮನೂರಿನಲ್ಲಿ ಇನ್ನೊಬ್ಬರು ಕಾಯುತ್ತಿದ್ದಾರೆ, ಬಟ್ಟೆ ತೋರಿಸುವುದಾದರೆ ಈಗಲೇ ತೋರಿಸಿ ಎಂದರು. ಕೆಲಸದವನ ಕೈಲಿ ಬಟ್ಟೆ ತರಿಸುತ್ತೇನೆ, ನೋಡಿ ಎಂದು ಅಪ್ಪ ತಮಿಳಿನಲ್ಲಿ ಕೇಳಿಕೊಂಡರು. ಮೊದಲಾಳಿಯೇ ಬಂದು ತೋರಿಸದ ಬಟ್ಟೆಯನ್ನು ನಾನು ನೋಡುವುದಿಲ್ಲ ಎಂದರು ಸೇಟು. ಅಪ್ಪ ಕೈಯಲ್ಲಿದ್ದ ಎಳೆ ಬಿಡದೆ, ಇದನ್ನು ಬಿಟ್ಟು ನಾನು ಏಳುವ ಹಾಗಿಲ್ಲ, ಮನ್ನಿಸಬೇಕು ಎಂದರು. ಕಾರು ಹಿಂದಕ್ಕೆ ಹೋಗುವ ಸದ್ದು ನನಗೆ ಇನ್ನೂ ಕೇಳುತ್ತಿದೆ.

ದೊಡ್ಡಪ್ಪ ಕಣ್ಣೊರೆಸಿಕೊಂಡು, "ಎದ್ದೋಗಪ್ಪ, ನಿನ್ ಕೆಲ್ಸ ಕೆಡುತ್ತೆ. ಸೀರೆ ಕಡೇಲಿ ತಂದ್ರಾಯ್ತು," ಅಂದರು.

"ಆರ್ಡರ್ ಇನ್ನೊಂದ್ ವರ್ಷ ಬರುತ್ತೆ ಅಣ್ಣ," ಅಂದರು ಅಪ್ಪ. "ನಿಮ್ ಕೈ ಸೀರೆ ಕಡೇಲಿ ಸಿಗುತ್ತಾ?"

ನಮ್ಮ ಮಾತಲ್ಲಿ ಕಡೆ ಅಂದರೆ ಅಂಗಡಿ. ಆಮೇಲೆ ಅಪ್ಪ ನನ್ನ ಕಡೆ ತಿರುಗಿದರು, ಮುದ್ದಿಗೆ ನನ್ನನ್ನು ಕಣ್ಣು ಎಂದೇ ಕರೆಯುತ್ತಿದ್ದರು. "ಅಳ್ಬೇಡ ಕಣ್ಣು. ನಿನ್ ಬೆರಳು ಸಣ್ದು, ಇಲ್ ಬಾ. ಒಂದ್ ಮೇಲೆ, ಒಂದ್ ಕೆಳಗೆ."

ಮಧ್ಯಾಹ್ನದವರೆಗೂ ಅಪ್ಪನ ತೊಡೆಗೆ ಒರಗಿ ಕೂತು ಎಳೆ ಬಿಡಿಸಿದೆ. ಬೆನ್ನಿಗೆ ಬಿಸಿಲು, ಮೂಗಿಗೆ ಹುಳಿ ಗಂಜಿಯ ವಾಸನೆ, ಬೆರಳ ತುದಿ ಸುಕ್ಕುಗಟ್ಟಿ ಬೆಳ್ಳಗಾಗಿತ್ತು. ಅಮ್ಮ ಸೇಟಿಗೆಂದು ಮಾಡಿದ್ದ ಕೇಸರಿಯನ್ನು ತಂದು ಪಾವಿಗೆ ನಿಂತವರಿಗೆಲ್ಲ ಹಂಚಿದರು. ಅಪ್ಪನ ಕೈ ಬಿಡುವಿರಲಿಲ್ಲ, ನಾನೇ ತಿನ್ನಿಸಿದೆ. ಪಾವು ಉಳಿಯಿತು. ಒಂದು ಕಡೆ ಮಾತ್ರ ನಾನು ಎರಡು ಎಳೆಯ ಸರದಿ ತಪ್ಪಿಸಿದ್ದೆ. ಸೀರೆಯ ಉದ್ದಕ್ಕೂ ಕೂದಲಿನಷ್ಟು ತೆಳುವಾದ ಗೆರೆಯೊಂದು ಉಳಿದುಬಿಟ್ಟಿತು. ಅಕ್ಕ ಅದನ್ನೇ ಉಟ್ಟು ಹಸೆಗೇರಿದಳು. ಸೇಟಿನ ಆರ್ಡರ್ ಸೋಮನೂರಿನವರಿಗೆ ಹೋಯಿತು. ಇನ್ನೊಂದು ವರ್ಷವೂ ಅದು ಬರಲಿಲ್ಲ. ಅಪ್ಪ ಕೊನೆಯವರೆಗೂ ಹನ್ನೆರಡು ಮಗ್ಗದ ಮೊದಲಾಳಿಯಾಗಿಯೇ ಉಳಿದರು, ಆ ದಿನದ ಮಾತನ್ನು ಒಮ್ಮೆಯೂ ನನ್ನ ಮುಂದೆ ಎತ್ತಲಿಲ್ಲ.

ಅಪ್ಪ ಹೋದಾಗ ನೀವಿನ್ನೂ ಹುಟ್ಟಿರಲಿಲ್ಲ. ಅಷ್ಟು ಹೊತ್ತಿಗೆ ಆ ಬೀದಿಗೆ ಟಾರು ಬಿದ್ದು, ಅಲ್ಲಿ ಪಾವು ಹಾಕುವುದು ನಿಂತು ಎಷ್ಟೋ ಕಾಲವಾಗಿತ್ತು. ಅಪ್ಪನನ್ನು ಮನೆಯಿಂದ ಹೊರಗೆ ತಂದಾಗ ನಾನು ಬೀದಿಯ ಕಡೆ ನೋಡಿದೆ. ಮನೆಗೊಬ್ಬರು ಬಂದು ಎರಡೂ ಪಕ್ಕ ಸಾಲಾಗಿ ನಿಂತಿದ್ದರು. ಯಾರೂ ಅವರನ್ನು ಕರೆದಿರಲಿಲ್ಲ. ಅಕ್ಕ ಆ ಗೆರೆಯ ಸೀರೆಯನ್ನೇ ಉಟ್ಟು ಬಂದಿದ್ದಳು. ಅಲ್ಲಿಯವರೆಗೆ ತಡೆದುಕೊಂಡಿದ್ದ ನಾನು ಅದನ್ನು ಕಂಡು ಜೋರಾಗಿ ಅತ್ತುಬಿಟ್ಟೆ.

ನಿಮ್ಮ ಲೋಕ ಕೆಟ್ಟದ್ದು ಎನ್ನುವವಳಲ್ಲ ನಾನು. ಗಂಜಿಗೆ ನಿಮ್ಮ ಬೆರಳು ಬಿರಿಯುವುದಿಲ್ಲ, ನೂಲು ಸುತ್ತಲು ಯಾರೂ ನಿಮ್ಮ ಶಾಲೆ ಬಿಡಿಸುವುದಿಲ್ಲ, ಬೇಕೆಂದದ್ದು ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುತ್ತದೆ. ಆದರೆ ಮೊನ್ನೆ ಲಿಫ್ಟ್ ಕೆಟ್ಟಾಗ ಎದುರು ಫ್ಲ್ಯಾಟಿನ ಅಜ್ಜ ಎರಡು ಕೈಯಲ್ಲೂ ಚೀಲ ಹಿಡಿದು ನಿಂತು ನಿಂತು ಮೆಟ್ಟಿಲು ಹತ್ತುತ್ತಿದ್ದರು. ಅವರ ಹೆಸರೇನು ಎಂದು ನಿಮ್ಮನ್ನು ಕೇಳಿದೆ. ಗೊತ್ತಿಲ್ಲ ಎಂದಿರಿ. ಎರಡು ವರ್ಷದಿಂದ ಎದುರು ಬಾಗಿಲಲ್ಲೇ ಇದ್ದರೂ ನನಗೂ ಗೊತ್ತಿರಲಿಲ್ಲ. ಅಪ್ಪ ಇದ್ದಿದ್ದರೆ ಮೊದಲು ನನ್ನ ಕಿವಿಯನ್ನೇ ಹಿಂಡುತ್ತಿದ್ದರು. ಲಿಫ್ಟ್ ಇನ್ನೂ ಸರಿಯಾಗಿಲ್ಲ. ನಾಳೆ ಬೆಳಿಗ್ಗೆ ಹಾಲು ತರಲು ಆ ಅಜ್ಜ ಇಳಿಯುವ ಮುಂಚೆ ನಾವೇ ಹೋಗಿ ಬಾಗಿಲು ತಟ್ಟೋಣ. ಕರೆಯಲಿ ಎಂದು ಕಾಯುವುದು ಬೇಡ.