ಹತ್ತು ಸಾವಿರ ಕಿಲೋಮೀಟರ್, ಯಾವ ರಸ್ತೆಯಲ್ಲಿ?

"ಗಾಡಿ ಕೆಟ್ಟು ನಿಂತ್ರೆ ಕೆಳಕ್ಕೆ ಇಳೀಬ್ಯಾಡಿ ಕನವ್ವಾ. ಗಾಜು ಏರ್ಸ್ಕಂಡು ಒಳ್ಗೇ ಕುಂತಿರಿ. ಯಾರಾರ ಬತ್ತಾರೆ."

ಕೊಳ್ಳೇಗಾಲಕ್ಕೆ ಬಂದ ವಾರದೊಳಗೆ ನನ್ನ ಮನೆ ಮಾಲೀಕರಾದ ಜಯಮ್ಮ ಕೊಟ್ಟ ಎಚ್ಚರಿಕೆ ಇದು. ನಾನು ತಮಾಷೆ ಅಂದುಕೊಂಡೆ. ನಮ್ಮ ಹಾವೇರಿ ಕಡೆ ಗಾಡಿ ಕೆಟ್ಟರೆ ಮೊದಲು ಮಾಡುವ ಕೆಲಸವೇ ಕೆಳಗಿಳಿಯುವುದು. ಹೊಲದಿಂದ ನಾಲ್ಕು ಜನ ಬರುತ್ತಾರೆ, ಒಬ್ಬ ಬಾನೆಟ್ ಎತ್ತುತ್ತಾನೆ, ಇನ್ನೊಬ್ಬ ಚಹಾ ತರಿಸುತ್ತಾನೆ. ಇಲ್ಲಿ ಹನೂರು ದಾಟಿ ಕಾಡಂಚಿನ ದಾರಿ ಹಿಡಿದರೆ ಆನೆಗಳಿವೆ. ಕೆಟ್ಟ ಗಾಡಿಯೊಳಗೆ ಉಸಿರು ಬಿಗಿಹಿಡಿದು ಕೂರಬೇಕು.

ಹೇಗಿದ್ದೀಯ ಎಂದು ಊರಿನಿಂದ ನೀವೆಲ್ಲ ಕೇಳುತ್ತಲೇ ಇರುತ್ತೀರಿ. ಸಿಟ್ಟಿನಲ್ಲಿದ್ದೇನೆ. ಅದರ ಕಾರಣವನ್ನೇ ಬರೆಯುತ್ತೇನೆ.

ನಾನು ಫಿಸಿಯೋಥೆರಪಿಸ್ಟ್. ಹಾಸಿಗೆ ಹಿಡಿದವರ ಮನೆಗೇ ಹೋಗಿ ಕೈಕಾಲಿಗೆ ವ್ಯಾಯಾಮ ಮಾಡಿಸುವ ಸಂಸ್ಥೆಯೊಂದರ ಕೆಲಸ ಸಿಕ್ಕಿ ಇಲ್ಲಿಗೆ ಬಂದೆ. ಬಂಡಳ್ಳಿ, ಹೂಗ್ಯಂ, ಅವುಗಳಾಚೆಯ ಹೊಲದ ಮನೆಗಳು ನನ್ನ ಪಾಲಿಗೆ ಬಂದವು. ಮೊದಲ ತಿಂಗಳುಗಳಲ್ಲಿ ಸೋತದ್ದು ಮಾತಿಗೆ. ಇವರು ಹಾಲಿಗೆ "ಆಲು" ಅನ್ನುತ್ತಾರೆ. ಜಯಮ್ಮ ಮೊದಲ ಬೆಳಗ್ಗೆ "ಆಲು ಬೇಕಾ?" ಎಂದಾಗ "ಬ್ಯಾಡ್ರಿ, ಆಲೂಗಡ್ಡಿ ನಿನ್ನೆನ ತಂದೀನಿ" ಎಂದುಬಿಟ್ಟೆ. ಹೂಗ್ಯಂ ಕಡೆ ತಮಿಳು ಬೆರೆಯುತ್ತದೆ. ಅಲ್ಲಿ ಕಾಲು ಚಾಚಿಸಲು "ನೀಟ್ಟು", ಮಡಿಸಲು "ಮಡಕ್ಕು" ಎನ್ನುವುದನ್ನು ಕಲಿತೆ. ಮುದ್ದೆಯನ್ನು ಅಗಿಯದೆ ನುಂಗುವುದಕ್ಕೆ ಇನ್ನಷ್ಟು ದಿನ ಹಿಡಿಯಿತು. ರೊಟ್ಟಿ ಅಗಿದು ಬೆಳೆದ ಬಾಯಿ, ಸುಮ್ಮನಿರುವುದಿಲ್ಲ.

ಬಸ್ಸಿನಲ್ಲಿ ಈ ಕೆಲಸ ಆಗುವುದಿಲ್ಲವೆಂದು ಸಾಲ ಮಾಡಿ ಸಣ್ಣ ಕಾರು ಕೊಂಡೆ. ಮೈಸೂರಿನ ಶೋರೂಮಿನ ಗೋಡೆಯ ಮೇಲೆ ಆಳೆತ್ತರದ ಕಾರುಗಳ ಚಿತ್ರ, ಕೆಳಗೆ "ವರ್ಷಕ್ಕೊಂದೇ ಸರ್ವಿಸ್" ಎಂಬ ದಪ್ಪಕ್ಷರ. ಮೊದಲ ಉಚಿತ ಸರ್ವಿಸ್‌ಗೆ ಹೋದಾಗ ಅಲ್ಲಿನ ಸರ್ವಿಸ್ ಅಡ್ವೈಸರ್ ನನ್ನನ್ನು ಕೂರಿಸಿ ಕಾಫಿ ಕೊಟ್ಟ. ಇಸ್ತ್ರಿಯ ನೀಲಿ ಅಂಗಿ, ಕೈಯಲ್ಲಿ ಟ್ಯಾಬ್. ನಾನು ಒಂದೇ ಪ್ರಶ್ನೆ ಕೇಳಿದೆ: ಎಂಜಿನ್ ಆಯಿಲ್ ಯಾವಾಗ ಬದಲಾಯಿಸಬೇಕು?

"ಹತ್ತು ಸಾವಿರ ಕಿಲೋಮೀಟರ್, ಇಲ್ಲಾ ಒಂದು ವರ್ಷ, ಮೇಡಂ. ಅಲ್ಲೀವರ್ಗೂ ನೀವು ಬಾನೆಟ್ಟೇ ತೆಗೀಬೇಕಾಗಿಲ್ಲ."

ನಾನು ಸುಮ್ಮನಾಗಲಿಲ್ಲ. ಊರಲ್ಲಿ ಅಣ್ಣನ ಟ್ರ್ಯಾಕ್ಟರ್ ನೋಡಿಕೊಂಡೇ ಬೆಳೆದವಳು ನಾನು. ಎರೆಮಣ್ಣಿನ ಧೂಳಿನಲ್ಲಿ ದುಡಿದ ವರ್ಷ ಅಣ್ಣ ಅವಧಿಗೆ ಮುಂಚೆಯೇ ಎಣ್ಣೆ ಬದಲಿಸುತ್ತಿದ್ದ. ಅದನ್ನೇ ಹೇಳಿದೆ. ನನ್ನ ರಸ್ತೆ ಏರಿಳಿತದ್ದು, ಮೊದಲ ಎರಡು ಗೇರಿನಲ್ಲೇ ಅರ್ಧ ದಾರಿ, ಮನೆಯಿಂದ ಮನೆಗೆ ನಿಲ್ಲಿಸಿ ನಿಲ್ಲಿಸಿ ಹೋಗಬೇಕು, ಮಣ್ಣಿನ ಧೂಳು ಗಾಜು ಮುಚ್ಚುತ್ತದೆ ಎಂದೆ. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಇಂಥ ರಸ್ತೆಗೆ ಬೇರೆ ಲೆಕ್ಕ ಇದೆಯಲ್ಲ ಎಂದು ಪುಟ ತೆರೆದು ತೋರಿಸಿದೆ.

ಅವನು ನಕ್ಕ. "ಆ ಬುಕ್ಕು ಎಲ್ಲಾ ದೇಶಕ್ಕೂ ಸೇರ್ಸಿ ಬರೆದಿರೋದು ಮೇಡಂ. ತಲೆ ಕೆಡಿಸ್ಕೋಬೇಡಿ. ಕಾರಿಗೇನು ಗೊತ್ತು ಅದು ಹನೂರು ಅಂತ?"

ಪಕ್ಕದಲ್ಲಿದ್ದವರೂ ನಕ್ಕರು. ಆಮೇಲೆ ಅರ್ಧ ಗಂಟೆ ಅವನು ಕಾರಿನ ಮೈಗೆ ಹೊಳಪಿನ ಕೋಟಿಂಗ್, ಎಸಿಗೆ ಸುವಾಸನೆ, ಸೀಟಿಗೆ ಹೊದಿಕೆ ಇವುಗಳ ಬಗ್ಗೆ ಬಹಳ ಕಾಳಜಿಯಿಂದ ಸಲಹೆ ಕೊಟ್ಟ. ಎಣ್ಣೆಯ ವಿಚಾರಕ್ಕೆ ಮಾತ್ರ ನಗು. ಹೊಸ ಊರಿನಲ್ಲಿ ನಗೆಪಾಟಲಾಗುವ ಭಯ ಎಂಥದ್ದೆಂದು ವಲಸೆ ಹೋದವರಿಗೆ ಗೊತ್ತು. ನಾನು ಪುಸ್ತಕ ಮುಚ್ಚಿ ಬ್ಯಾಗಿಗೆ ಹಾಕಿಕೊಂಡೆ.

ಆ ವರ್ಷ ನಾನು ನೋಡಿಕೊಳ್ಳುತ್ತಿದ್ದವರಲ್ಲಿ ಮಾದೇಶ ಒಬ್ಬ. ನಲವತ್ತು ದಾಟಿಲ್ಲ. ಲಕ್ವ ಹೊಡೆದು ಬಲಗಡೆ ಬಿದ್ದುಹೋಗಿತ್ತು. ಹೂಗ್ಯಂನಿಂದ ಒಳಗೆ, ಕಾಡಿಗೆ ತಾಗಿದ ಹೊಲದಲ್ಲಿ ಅವನ ಮನೆ. ಹೆಂಡತಿ ಗೌರಮ್ಮ ನನ್ನನ್ನು ಮೊದಮೊದಲು ನಂಬಿರಲಿಲ್ಲ. "ಇಂಗೆ ಉಜ್ಜುದ್ರೆ ಕಾಲು ಬಂದದಾ?" ಎಂದು ಮೂಗು ಮುರಿಯುತ್ತಿದ್ದಳು. ತಿಂಗಳುಗಟ್ಟಲೆ ನೀಟ್ಟು, ಮಡಕ್ಕು ಆದಮೇಲೆ ಒಂದು ದಿನ ಮಾದೇಶ ನನ್ನ ಭುಜ ಹಿಡಿದು ಎದ್ದು ನಿಂತ. ಎರಡೂ ಹಿಮ್ಮಡಿ ನೆಲದ ಮೇಲೆ. ಗೌರಮ್ಮ ಒಳಗೆ ಓಡಿ ಹೋದಳು. ಅಳುತ್ತಾಳೆ ಅಂದುಕೊಂಡೆ. ಬಂದಾಗ ಕೈಯಲ್ಲಿ ಒಂದು ಮೊರ ಅವರೆಕಾಯಿ ಇತ್ತು. "ತಕಂಡೋಗಿ" ಎಂದಳು, ಬೈಯುವ ದನಿಯಲ್ಲಿ.

ಅದರ ಮುಂದಿನ ವಾರವೇ ಕಾರು ನಿಂತದ್ದು. ಹತ್ತು ಸಾವಿರ ಇನ್ನೂ ಆಗಿರಲಿಲ್ಲ. ಏರಿನಲ್ಲಿ ಎಣ್ಣೆಯ ಕೆಂಪು ದೀಪ ಹೊತ್ತಿತು, ಒಳಗಿನಿಂದ ಒನಕೆ ಕುಟ್ಟಿದಂಥ ಸದ್ದು ಬಂತು, ಬದಿಗೆ ತಿರುಗಿಸುವಷ್ಟರಲ್ಲಿ ಎಂಜಿನ್ ಸತ್ತಿತು. ಗಾಜು ಏರಿಸಿ ಕುಳಿತೆ. ಎರಡೂ ಕಡೆ ಲಂಟಾನ ಪೊದೆ. ಎಲ್ಲೋ ಕೊಂಬೆ ಮುರಿದ ಸದ್ದಾಯಿತು. ಆನೆಯೋ ದನವೋ ಇವತ್ತಿಗೂ ಗೊತ್ತಿಲ್ಲ, ಆದರೆ ನನ್ನ ಬೆವರು ಸ್ಟೀರಿಂಗ್ ಮೇಲೆ ತೊಟ್ಟಿಕ್ಕಿದ್ದು ಗೊತ್ತಿದೆ. ಕೊನೆಗೆ ಟೊಮೆಟೊ ತುಂಬಿದ ಗೂಡ್ಸ್ ಗಾಡಿಯೊಂದು ಬಂತು. ಅದರ ಚಾಲಕ ಗಾಡಿಯನ್ನು ಪಕ್ಕದಲ್ಲಿ ನಿಲ್ಲಿಸಿ ಆನೆ ಬರದಂತೆ ಹಾರ್ನ್ ಹೊಡೆಯುತ್ತಿರುವಾಗ ನಾನೇ ಇಳಿದು ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದೆ. ತುದಿಯಲ್ಲಿ ಕಪ್ಪು ಅಂಟು ಬಿಟ್ಟರೆ ಏನೂ ಇರಲಿಲ್ಲ.

ಕಾರನ್ನು ಮೈಸೂರಿಗೆ ಎಳೆಸಿಕೊಂಡು ಹೋದರು. ವಾರಂಟಿ ಸಿಗುವುದಿಲ್ಲವೆಂದು ಫೋನಿನಲ್ಲಿ ತಿಳಿಸಿದರು. ಬಸ್ಸು ಹತ್ತಿ ಹೋದೆ. ಅದೇ ನೀಲಿ ಅಂಗಿ. ಈ ಸಲ ಕಾಫಿ ಇಲ್ಲ.

"ನಿಮ್ದು ಸಿವಿಯರ್ ಕಂಡೀಷನ್ ಮೇಡಂ," ಎಂದ. "ಧೂಳು, ಬೆಟ್ಟ, ನಿಲ್ಲಿಸಿ ನಿಲ್ಲಿಸಿ ಓಡ್ಸೋದು. ಐದು ಸಾವಿರಕ್ಕೇ ಆಯಿಲ್ ಚೇಂಜ್ ಮಾಡಿಸ್ಬೇಕಿತ್ತು. ಬುಕ್ಕಲ್ಲೇ ಇದೆ."

"ಆ ಪುಟ ನಿಮಗ ತೋರಿಸಿದಾಕಿ ನಾನ ಅಲ್ಲೇನ್ರಿ?"

"ನೆನಪಿಲ್ಲ ಮೇಡಂ. ದಿನಾ ನೂರಾರು ಕಸ್ಟಮರ್ ಬರ್ತಾರೆ."

ಸುಳ್ಳು ಹೇಳುವಾಗಲೂ ಅವನ ಮುಖದಲ್ಲಿ ಕೋಪವಿರಲಿಲ್ಲ, ನಾಚಿಕೆಯಿರಲಿಲ್ಲ. ಟ್ಯಾಬಿನಲ್ಲಿ ಬೆರಳಾಡಿಸುತ್ತಲೇ ಇದ್ದ. ನನ್ನ ಪ್ರಶ್ನೆಯನ್ನೇ ಕದ್ದು, ಅದನ್ನೇ ಉತ್ತರವಾಗಿಸಿ ನನ್ನ ಮೇಲೆ ಎಸೆದಿದ್ದ. ಮತ್ತೆ ಮತ್ತೆ ಹೋದೆ. ಮ್ಯಾನೇಜರ್ ಮೀಟಿಂಗಿನಲ್ಲಿರುತ್ತಿದ್ದರು. ಕಂಪನಿಗೆ ಮೇಲ್ ಹೋಗಿದೆ, ಉತ್ತರ ಬರಬೇಕು ಎನ್ನುತ್ತಿದ್ದರು. ಒಂದೂವರೆ ತಿಂಗಳು ಹೀಗೇ.

ಬಂಡಳ್ಳಿಯ ಕಡೆಯವರನ್ನು ಬಸ್ಸಿನಲ್ಲೇ ಹೋಗಿ ನೋಡಿದೆ. ಹೂಗ್ಯಂಗೂ ಒಮ್ಮೆ ಹೋದೆ. ಅಲ್ಲಿಂದ ಮಾದೇಶನ ಹೊಲಕ್ಕೆ ನಡೆಯಲು ಹೊರಟಾಗ ಊರಿನವರೇ ತಡೆದರು, ಆನೆ ಹಿಂಡು ಎರಡು ದಿನದಿಂದ ಅಲ್ಲೇ ಬೀಡುಬಿಟ್ಟಿದೆ ಎಂದು. ಫೋನ್ ಮಾಡಿ ವ್ಯಾಯಾಮ ಹೇಳಿಕೊಡೋಣವೆಂದರೆ ಅವರ ಮನೆಗೆ ಸಿಗ್ನಲ್ ಮುಟ್ಟುವುದಿಲ್ಲ. ನನ್ನ ಕೋಣೆಯಲ್ಲಿ ಕುಳಿತು ಅವನ ಹಿಮ್ಮಡಿಯನ್ನೇ ಯೋಚಿಸುತ್ತಿದ್ದೆ. ವ್ಯಾಯಾಮ ನಿಂತರೆ ಅದು ಬಿಗಿಯುತ್ತದೆ, ನನಗಾಗಿ ಕಾಯುವುದಿಲ್ಲ.

ಕೊನೆಯ ಸಲ ಹೋದಾಗ ಶೋರೂಮಿನ ತುಂಬ ಜನ. ನೀಲಿ ಅಂಗಿಯವನು "ಕೂತ್ಕೊಳ್ಳಿ ಮೇಡಂ" ಎಂದು ಬೇರೆಯವರ ಕಡೆ ತಿರುಗಿದ. ನಾನು ಕೂರಲಿಲ್ಲ. ನಡುವೆ ನಿಂತು, ಗಂಟಲು ಹರಿಯುವಂತೆ ಕೇಳಿದೆ:

"ಬೆಟ್ಟದ ರಸ್ತೇದಾಗ ಓಡಿಸೋವ್ರು ಇಲ್ಲಿ ಯಾರಾದರೂ ಅದೀರೇನ್ರಿ? ಆಯಿಲ್ ಯಾವಾಗ ಬದಲಿ ಮಾಡ್ಬೇಕಂತ ನಿಮಗ ಏನ್ ಹೇಳ್ಯಾರ?"

ಎಲ್ಲರೂ ತಿರುಗಿದರು. ಅಡ್ವೈಸರ್ "ಮೇಡಂ, ಪ್ಲೀಸ್" ಎನ್ನುತ್ತಾ ಬಂದ. ಮೂಲೆಯ ಕುರ್ಚಿಯಿಂದ ನರೆತ ಮೀಸೆಯವರೊಬ್ಬರು ಎದ್ದರು.

"ನಂದು ಯಳಂದೂರು ಕನವ್ವ. ಬಿಳಿಗಿರಿರಂಗನ ಬೆಟ್ಟದ ಸ್ಕೂಲ್ನಲ್ಲಿ ಮೇಷ್ಟ್ರು. ದಿನಾ ಅತ್ತಿ ಇಳೀತೀನಿ. ನಂಗೂ ಅತ್ತು ಸಾವ್ರ ಅಂತ್ಲೇ ಯೋಳವ್ರೆ. ಯಾಕೆ, ಏನಾಯ್ತು?"

ಹೇಳಿದೆ. ಮಾದೇಶನ ಕಾಲಿನ ಸಮೇತ ಎಲ್ಲವನ್ನೂ ಹೇಳಿದೆ. ಮೇಷ್ಟರು ಅಡ್ವೈಸರ್ ಕಡೆ ತಿರುಗಿದರು. "ಏನ್ಸಾ, ನನ್ ಗಾಡೀನೂ ಕಾಡ್ನಲ್ಲಿ ನಿಲ್ಸೋ ಪ್ಲಾನಾ? ಬರೀ ನೀರ್ ಹೊಡ್ದು ಕೊಡ್ತೀನಿ ಅಂದ್ರಲ್ಲ. ಈಗ್ಲೇ ಆಯಿಲ್ ಬಿಚ್ಚಿ. ನಾನು ನಿಂತ್ಕಂಡು ನೋಡ್ಬೇಕು."

"ಸರ್, ನಿಮ್ದು ಇನ್ನೂ ಡ್ಯೂ ಆಗಿಲ್ಲ."

"ಬಿಚ್ಚಿ ಅಂದ್ನಲ್ಲ."

ಇನ್ನೂ ಇಬ್ಬರು ಎದ್ದು ಅವರ ಜೊತೆ ಒಳಗೆ ನಡೆದರು. ಮೇಷ್ಟರ ಕಾರಿನಿಂದ ಇಳಿದ ಎಣ್ಣೆ ಹರಿಯಲಿಲ್ಲ, ಜಾರಿತು. ಕಾಕಂಬಿಯ ಹಾಗೆ. ಐದೇ ನಿಮಿಷಕ್ಕೆ ಮ್ಯಾನೇಜರರ ಮೀಟಿಂಗ್ ಮುಗಿಯಿತು. ನನ್ನನ್ನು ಗಾಜಿನ ಕೋಣೆಗೆ ಕರೆದು, ವಿಶೇಷ ರಿಯಾಯಿತಿಯ ಮೇಲೆ ಎಂಜಿನ್ ಸರಿ ಮಾಡಿಕೊಡುತ್ತೇವೆ ಎಂದರು.

"ರಿಯಾಯಿತಿ ಬ್ಯಾಡ. ತಪ್ಪಾಗೇದ ಅನ್ರಿ."

"ಹಾಗೆಲ್ಲ ಹೇಳೋಕೆ ನಮಗೆ ಅಧಿಕಾರ ಇಲ್ಲ ಮೇಡಂ."

ತಪ್ಪು ಸಲಹೆ ಕೊಡಲು ಅಧಿಕಾರವಿತ್ತು. ಒಪ್ಪಿಕೊಳ್ಳಲು ಇಲ್ಲ. ಅಲ್ಲೇ ಕುಳಿತು ಜಗಳ ಮುಂದುವರಿಸಬಹುದಿತ್ತು. ಆದರೆ ಮಾದೇಶ ಕಾಯುತ್ತಿದ್ದ. ಕಾರು ಬೇಕಿತ್ತು. ರಿಯಾಯಿತಿಗೇ ಒಪ್ಪಿ, ಎಂಜಿನ್ ಸರಿಯಾದ ಮೇಲೆ ಕಾರು ತಂದುಕೊಂಡೆ. ಆ ಒಂದು ಮಾತು ಇವತ್ತಿನವರೆಗೂ ಅವರ ಬಾಯಿಂದ ಬಂದಿಲ್ಲ, ನನ್ನ ಸಿಟ್ಟೂ ಇಳಿದಿಲ್ಲ. ಈಗ ಐದು ಸಾವಿರ ಕಿಲೋಮೀಟರಿಗೇ ಎಣ್ಣೆ ಬದಲು ಮಾಡಿಸುತ್ತೇನೆ, ಹನೂರಿನ ಗ್ಯಾರೇಜಿನಲ್ಲಿ, ಎದುರಿಗೆ ನಿಂತು.

ಕಾರು ಸಿಕ್ಕ ಮೇಲೆ ಮೊದಲ ಸಲ ಹೊಲದ ಮನೆಗೆ ಹೋದ ದಿನ ಗೌರಮ್ಮ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಮಾದೇಶ ಮಲಗಿದ್ದ. ಪಾದ ಕೆಳಮುಖವಾಗಿ ಚಾಚಿ ಬಿಗಿದಿತ್ತು. ಎಬ್ಬಿಸಿ ನಿಲ್ಲಿಸಲು ನೋಡಿದೆ, ಹಿಮ್ಮಡಿ ನೆಲ ಮುಟ್ಟಲಿಲ್ಲ. ಕಾರಿನ ಕಥೆಯೆಲ್ಲ ಹೇಳಿದೆ. ಗೌರಮ್ಮ ಕೊನೆಯವರೆಗೂ ಕೇಳಿಸಿಕೊಂಡಳು.

"ಅವ್ರು ಕಳ್ರು, ಸರಿ," ಎಂದಳು. "ನಿಮ್ಮೂರ್ನೋನು ಬಿದ್ದಿದ್ರೆ ಇಷ್ಟ್ ದಿನ ಬುಟ್ಟಿರ್ತಿದ್ರಾ ನೀವು?"

ನಮ್ಮೂರಲ್ಲಿ ಆನೆ ಇಲ್ಲ, ಅಣ್ಣನ ಟ್ರ್ಯಾಕ್ಟರ್ ಇದೆ, ಎಬ್ಬಿಸಿ ಕರೆದೊಯ್ಯಲು ಜನ ಇದ್ದಾರೆ ಎಂದೆಲ್ಲ ನಾಲಿಗೆಯ ತುದಿಗೆ ಬಂತು. ಆದರೆ ಅವಳು ಕೇಳಿದ್ದು ಗಾಡಿಯ ವಿಚಾರವಲ್ಲ.

"ನೀವು ಒಂದಿನ ಒಂಟೋಯ್ತೀರಿ," ಎಂದಳು ಮತ್ತೆ, ಈಗ ಮೆಲ್ಲಗೆ. "ಬಂದೋರೆಲ್ಲಾ ಒಂಟೋಗವ್ರೆ. ನಮ್ಗೇನ್ ಗೊತ್ತಿಲ್ವಾ."

ಹಿಂದಿನ ದಿನವಷ್ಟೇ ಅವ್ವ ಫೋನಿನಲ್ಲಿ, ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿ ಜಾಗ ಖಾಲಿ ಇದೆಯಂತೆ, ಬಂದುಬಿಡು ಎಂದಿದ್ದಳು. ಬರುವುದಿಲ್ಲ ಎಂದು ಅವಳಿಗೆ ಹೇಳಿರಲಿಲ್ಲ. ಹೋಗುವುದಿಲ್ಲ ಎಂದು ಗೌರಮ್ಮನಿಗೂ ಹೇಳಲು ಬಾಯಿ ಬರಲಿಲ್ಲ. ಚಾಪೆಯ ಮೇಲೆ ಕುಳಿತು ಮಾದೇಶನ ಪಾದವನ್ನು ಮಡಿಲಿಗೆ ಎಳೆದುಕೊಂಡೆ. ಅವನು ಹಲ್ಲು ಕಚ್ಚಿದ. ಗೌರಮ್ಮ ಬಂದು ಎದುರಿಗೆ ಕೂತು ಅವನ ಮೊಣಕಾಲು ಹಿಡಿದಳು, ಯಾವ ಕಡೆಗೆ ಒತ್ತಬೇಕು ಎಂದು ನನ್ನ ಮುಖ ನೋಡಿದಳು.